ಮಜ್ಜಿಗೆ ಹುಲ್ಲಿನ ಕಷಾಯ ಕುಡಿದರೆ ಮಾತ್ರೆ ಬಿಡಬಹುದಾ?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ತೆ ಮೇಡಂ. ನಮ್ಮ ಅತ್ತೆಗೆ ಅರವತ್ತು ದಾಟಿದೆ. ಬಿಪಿ, ಶುಗರ್ ಎರಡೂ ಇದೆ. ವಾಟ್ಸಾಪ್‌ನಲ್ಲಿ ಬಂದದ್ದು ನೋಡಿ ಹಿತ್ತಲಿನ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಕಷಾಯ ಮೂರು ಹೊತ್ತೂ ಕುಡಿಯುತ್ತಿದ್ದಾರೆ. ಶುಗರ್ ಇಳಿಯುತ್ತೆ, ಕ್ಯಾನ್ಸರ್ ಕೂಡ ಹತ್ತಿರ ಬರಲ್ಲ ಅಂತ ಅದರಲ್ಲಿದೆ. ಈಗ ಮಾತ್ರೆಯನ್ನೂ ಅರ್ಧ ಮಾಡಿಕೊಂಡಿದ್ದಾರೆ. ನಾನು ಹೇಳಿದರೆ ಕೇಳುವುದಿಲ್ಲ. ಏನು ಮಾಡಲಿ?

ಉತ್ತರ (ಆಯುರ್ವೇದ ವೈದ್ಯೆ): ಮಾತ್ರೆ ಇವತ್ತಿನಿಂದಲೇ ಮೊದಲಿನ ಹಾಗೆ ಶುರುವಾಗಲಿ. ಕಡಿಮೆ ಮಾಡಿಕೊಂಡಿದ್ದ ವಿಷಯವನ್ನು ಬರೆದುಕೊಟ್ಟ ಡಾಕ್ಟರಿಗೂ ತಿಳಿಸಿ. ಉಳಿದ ಮಾತು ಆಮೇಲೆ.

ಕ್ಯಾನ್ಸರ್ ಸುದ್ದಿ ಎಲ್ಲಿಂದ ಬಂತು ಅಂದರೆ, ಈ ಹುಲ್ಲಿಗೆ ನಿಂಬೆಯ ಪರಿಮಳ ಕೊಡುವುದು ಸಿಟ್ರಾಲ್ ಎಂಬ ಅಂಶ. ಸಿಟ್ರಾಲ್ ತಗುಲಿಸಿದಾಗ ಕ್ಯಾನ್ಸರ್ ಕೋಶಗಳು ಸತ್ತವು ಎಂದು ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದರು. ಸತ್ತದ್ದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಮನುಷ್ಯರ ಮೈಯಲ್ಲಿ ಅಲ್ಲ. ಫಾರ್ವರ್ಡ್ ಆಗುತ್ತಾ ಆ ಮಾತು ಉದುರಿಹೋಯಿತು. ಶುಗರ್, ಬಿಪಿಯದೂ ಹೆಚ್ಚು ಕಡಿಮೆ ಇದೇ ಕಥೆ. ಇಲಿಗಳ ಮೇಲೆ ಪ್ರಯೋಗ ಆಗಿದೆ. ಮಾತ್ರೆ ಬಿಡಿಸುವಷ್ಟು ಪುರಾವೆ ಇಲ್ಲ.

ಹಾಗಂತ ಬುಡ ಕಿತ್ತು ಎಸೆಯಬೇಡಿ. ಹೊಟ್ಟೆ ಉಬ್ಬರಕ್ಕೆ, ನೆಗಡಿಗೆ, ಮಳೆಗಾಲದ ಮೈಕೈ ನೋವಿಗೆ ನಮ್ಮ ಕಡೆ ಇದನ್ನು ಬಳಸಿಕೊಂಡೇ ಬಂದಿದ್ದಾರೆ. ಎಲೆ ಜಜ್ಜಿ ಮಜ್ಜಿಗೆಗೆ ಹಾಕುತ್ತಾರೆ, ಬೆಣ್ಣೆ ಕಾಯಿಸುವಾಗ ಒಂದು ಎಲೆ ಬಿಡುತ್ತಾರೆ. ತುಪ್ಪದ ಆ ಘಮ ಗೊತ್ತಿದ್ದವರಿಗೆ ಬೇರೆ ಲಾಭ ಹೇಳಬೇಕಾಗಿಲ್ಲ! ಅತ್ತೆ ದಿನಕ್ಕೆ ಒಂದು ಲೋಟ ಧಾರಾಳವಾಗಿ ಕುಡಿಯಲಿ, ಬೆಲ್ಲ ಮಾತ್ರ ಬೇಡ. ಬಿಡಿ ಅಂದರೆ ಹಠ ಜಾಸ್ತಿಯಾಗುತ್ತದೆ. ಕಷಾಯ ನೀವೇ ಮಾಡಿ, ಅವರು ಮಾತ್ರೆ ನುಂಗಿದ ಮೇಲೆ ಲೋಟ ಕೈಗೆ ಕೊಡಿ.

ಪ್ರಶ್ನೆ (ಅದೇ ಮನೆಯಿಂದ): ಕಾಲು ಗಂಟೆ ಕುದಿಸುತ್ತಾರೆ. ಸರಿ ತಾನೇ?

ಉತ್ತರ: ಅಷ್ಟು ಕುದಿಸಿದರೆ ಪರಿಮಳ ಅಡುಗೆಮನೆಗೆ, ಬಿಸಿನೀರು ಅತ್ತೆಗೆ. ಸಿಟ್ರಾಲ್ ಹಬೆಯ ಜೊತೆ ಹಾರಿಹೋಗುತ್ತದೆ. ಎರಡು ಮೂರು ಎಲೆ ತೊಳೆದು ಕತ್ತರಿಯಿಂದ ಕತ್ತರಿಸಿ. ಕೈಯಲ್ಲಿ ಸರ್ರನೆ ಎಳೆದರೆ ಅಂಚು ಬೆರಳು ಕೊಯ್ಯುತ್ತದೆ. ನೀರು ಮರಳಿದಾಗ ಎಲೆ ಹಾಕಿ ಒಲೆ ಆರಿಸಿ, ಐದರಿಂದ ಹತ್ತು ನಿಮಿಷ ಮುಚ್ಚಿಡಿ. ಶುಂಠಿ, ಜೀರಿಗೆ ಬೇಕಿದ್ದರೆ ಮೊದಲೇ ಕುದಿಸಿಕೊಳ್ಳಿ. ಸೋಸಿಯೇ ಕುಡಿಯಿರಿ, ನಾರು ಗಂಟಲಿಗೆ ಕಿರಿಕಿರಿ.

ಪ್ರಶ್ನೆ (ಸಾಗರದಿಂದ): ಜ್ವರಕ್ಕೂ ಇದೇ ಸಾಕಾ?

ಉತ್ತರ: ನೆಗಡಿಯ ಮೈಬಿಸಿಗೆ ಹಿತ ಅನಿಸುತ್ತದೆ. ಆದರೆ ನೀವಿರುವುದು ಶಿವಮೊಗ್ಗ ಜಿಲ್ಲೆ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಅದು, ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ತರಗೆಲೆ, ಸೌದೆ ಅಂತ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಕಷಾಯ ಹಿಡಿದು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬೇರೆಯವರಿಗೂ ಎರಡು ದಿನದ ಮೇಲೆ ಕಾಯುವುದು ಬೇಡ.

ಪ್ರಶ್ನೆ (ಬೆಂಗಳೂರಿನಿಂದ): ಎಲೆ ಸಿಗುವುದಿಲ್ಲ. ಲೆಮನ್‌ಗ್ರಾಸ್ ಎಣ್ಣೆ ತಂದಿದ್ದೇನೆ. ನೀರಿಗೆ ಎರಡು ಹನಿ ಹಾಕಿ ಕುಡಿಯಬಹುದಾ? ನಿದ್ದೆ ಬರುತ್ತದೆ ಅಂತಾರೆ.

ಉತ್ತರ: ಖಂಡಿತ ಬೇಡ. ಒಳ್ಳೆಯ ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿಟ್ರಾಲೇ ಇರುತ್ತದೆ. ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲಿ ಬಾಯಿ, ಗಂಟಲು ಉರಿಸುತ್ತದೆ. ಮೈಗೆ ಹಚ್ಚುವುದಾದರೂ ಎರಡು ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಮಕ್ಕಳಿಗೆ ಬೇಡ.

ನಿದ್ದೆಯ ವಿಷಯ ಬ್ರೆಜಿಲ್‌ನಲ್ಲೂ ಜನಜನಿತ. 1986ರಲ್ಲಿ ಅಲ್ಲಿನವರು ಜನರಿಗೆ ಎಲೆಯ ಕಷಾಯ ಕುಡಿಸಿ ಪರೀಕ್ಷಿಸಿದರು. ನಿದ್ದೆಗಾಗಲಿ ಆತಂಕಕ್ಕಾಗಲಿ ಪರಿಣಾಮ ಕಾಣಲಿಲ್ಲ. ರಾತ್ರಿ ಕಾಫಿ ಬದಲು ಎಲೆಯ ಕಷಾಯ ಕುಡಿದರೆ ಕೆಫೀನ್ ತಪ್ಪುತ್ತದೆ, ಅಷ್ಟು ಲಾಭ ಉಂಟು.

ಪ್ರಶ್ನೆ (ಪುತ್ತೂರಿನಿಂದ): ನಮ್ಮದರ ಬುಡ ಕೆಂಪಗಿದೆ. ಇದನ್ನೇ ಹೋಲುವ ಸಿಟ್ರೊನೆಲ್ಲಾ ಹುಲ್ಲು ಇರಬಹುದಾ? ಮಗಳು ಬಸುರಿ, ಅವಳಿಗೆ ಕೊಡಬಹುದಾ?

ಉತ್ತರ: ಬಣ್ಣ ನಂಬಬೇಡಿ. ನಮ್ಮ ದೇಶದ್ದೇ ಆದ ಲೆಮನ್‌ಗ್ರಾಸ್‌ನಲ್ಲೂ ಕೆಂಪು ಕಾಂಡದ್ದಿದೆ, ಅದರಲ್ಲೇ ಸಿಟ್ರಾಲ್ ಹೆಚ್ಚು. ಎಲೆ ತಿಕ್ಕಿ ಮೂಸಿ. ನಿಂಬೆಸಿಪ್ಪೆ ನೆನಪಾದರೆ ಮಜ್ಜಿಗೆ ಹುಲ್ಲು. ಸೊಳ್ಳೆ ಓಡಿಸುವ ಕ್ರೀಮಿನ ವಾಸನೆ ಬಂದರೆ ಸಿಟ್ರೊನೆಲ್ಲಾ, ಅದು ಅಡುಗೆಗಲ್ಲ. ಅನುಮಾನ ಉಳಿದರೆ ಬಳಸಬೇಡಿ. ಮಗಳಿಗೆ ಮಜ್ಜಿಗೆಯಲ್ಲಿ, ತುಪ್ಪದಲ್ಲಿ ರುಚಿಗೆ ಬಿದ್ದರೆ ಚಿಂತೆಯಿಲ್ಲ. ದಿನಾ ಕಷಾಯ ಮಾತ್ರ ಹೆರಿಗೆ ಆಗುವವರೆಗೆ ಬೇಡ.