ಪಾಗಾರದ ಬಿರುಕಿನಲ್ಲಿ ಹೂವಿನ ಗಿಡ: ಇರುವೆ ಪುಡಿ ಹಾಕಬೇಕಾ?

ಪ್ರಶ್ನೆ (ಉಡುಪಿ): ಗೇಟಿನ ಹತ್ತಿರ ಒಂದು ಟರ್ನೆರಾ ಗಿಡ ನೆಟ್ಟಿದ್ದೆ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಹಳದಿ ಹೂವು. ಈಗ ಪಾಗಾರದ ಬಿರುಕು, ಬಾವಿಕಟ್ಟೆಯ ಸಂದು, ಎಲ್ಲಾ ಕಡೆ ಅದೇ ಗಿಡ. ಬುಡದಲ್ಲಿ ಯಾವಾಗಲೂ ಇರುವೆ ಸಾಲು. ಪುಡಿ ಹಾಕಿದರೆ ನಿಲ್ಲುತ್ತದಾ? ಅನುಭವ ಇದ್ದವರು ತಿಳಿಸಿ.

ಸುರತ್ಕಲ್‌ನಿಂದ: ಪುಡಿ ಮಾತ್ರ ಹಾಕಬೇಡಿ ಅಕ್ಕ. ನಮ್ಮಲ್ಲೂ ಹೀಗೇ ಆಗಿತ್ತು. ಒಣಗಿ ಬಿರಿದ ಕಾಯಿಯಿಂದ ಒಂದು ಬೀಜ ತೆಗೆದು ನೋಡಿ, ಪಕ್ಕಕ್ಕೆ ಬಿಳಿ ನಾರಿನಂಥದ್ದು ಅಂಟಿಕೊಂಡಿರುತ್ತದೆ. ಇರುವೆಗೆ ಬೇಕಾದದ್ದು ಅದು. ನಾನು ಗೆರಟೆಯಲ್ಲಿ ಹತ್ತು ಬೀಜ ಇಟ್ಟೆ. ಐದರ ನಾರು ಉಗುರಿನಿಂದ ಕೆರೆದು ತೆಗೆದಿದ್ದೆ. ಸ್ವಲ್ಪ ಹೊತ್ತಿನಲ್ಲೇ ನಾರಿದ್ದ ಐದೂ ಮಾಯ! ಒಂದು ಇರುವೆ ನಾರನ್ನೇ ಕಚ್ಚಿ ಹಿಡಿದು, ಬೀಜವನ್ನು ತಲೆಯ ಮೇಲೆ ಎತ್ತಿಕೊಂಡು ಮುರಕಲ್ಲಿನ ಸಂದಿಗೆ ಇಳಿಯಿತು. ಕೆರೆದ ಐದು ಹಾಗೇ ಬಿದ್ದಿದ್ದವು. ಗೂಡಿನಲ್ಲಿ ನಾರು ತಿಂದು, ಮರಿಗಳಿಗೂ ತಿನ್ನಿಸಿ, ಗಟ್ಟಿ ಬೀಜವನ್ನು ಕಸದ ಜಾಗಕ್ಕೆ ಎಸೆಯುತ್ತವೆ. ಆ ಕಸವೇ ಗೊಬ್ಬರ ಅಲ್ವಾ, ಅಲ್ಲೇ ಮೊಳಕೆ ಬರುತ್ತದೆ. ಈ ನಾರಿನಂಥ ತಿನಿಸಿಗೆ ಎಲೈಯೋಸೋಮ್ ಅನ್ನುತ್ತಾರೆ. ಹೀಗೆ ಇರುವೆಯನ್ನು ನಂಬಿದ ಸಸ್ಯಗಳು ಜಗತ್ತಿನಲ್ಲಿ 11,000ಕ್ಕೂ ಜಾಸ್ತಿ ಇವೆ. ಬುಡದಲ್ಲಿ ಸಾಲು ಯಾಕೆ ಅಂದರೆ, ಎಲೆ ತೊಟ್ಟಿನ ಹತ್ತಿರ ಎರಡು ಪುಟ್ಟ ಬಟ್ಟಲು ಕಾಣುತ್ತವೆ ನೋಡಿ, ಅದರಲ್ಲಿ ಸಿಹಿ ರಸ ಒಸರುತ್ತದೆ.

ಕಾರ್ಕಳದಿಂದ: ನಮ್ಮ ಹಿತ್ತಿಲಲ್ಲಿ ಹರಳು ಗಿಡದ್ದೂ ಇದೇ ಕಥೆ ಮಾರಾಯ್ರೆ. ಬೀಜದ ತುದಿಯಲ್ಲಿ ಸಣ್ಣ ಗಂಟಿನ ಹಾಗೆ ಇರುತ್ತದಲ್ಲ, ಇರುವೆ ಬರುವುದು ಅದಕ್ಕೇ. ಹೊತ್ತೊಯ್ಯುವುದು ಹೆಚ್ಚಾಗಿ ಒಂದೆರಡು ಮೀಟರ್ ಅಷ್ಟೆ. ಆದರೆ ಇಲಿ, ಹಕ್ಕಿಯ ಕಣ್ಣಿಗೆ ಬೀಳದ ಹಾಗೆ ಮಣ್ಣಿನೊಳಗೆ ಸೇರಿಸುತ್ತವೆ, ದೊಡ್ಡ ಲಾಭ ಅದೇ. ಎಲ್ಲಾ ಇರುವೆಯೂ ಹೀಗಲ್ಲ, ಕಾಳನ್ನೇ ಅರೆದು ತಿನ್ನುವ ಜಾತಿಗಳೂ ಇವೆ. ಮತ್ತೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹರಳು ಬೀಜದ ಬಗ್ಗೆ ಜಾಗ್ರತೆ. ಅದು ವಿಷ, ಬಾಯಿಗೆ ಹಾಕಬಾರದು.

ಮತ್ತೆ ಸುರತ್ಕಲ್‌ನಿಂದ: ಹೇಳಲು ಮರೆತೆ. ಗಿಡ ಬೇಡದ ಕಡೆ ಕಾಯಿ ಬಿರಿಯುವ ಮೊದಲೇ ಚಿವುಟಿ. ಗೋಡೆಯಲ್ಲಿ ಈಗಾಗಲೇ ಬಂದದ್ದನ್ನು ಬೆರಳುದ್ದ ಇರುವಾಗ, ಮಳೆ ಬಂದ ಮರುದಿನ ಎಳೆಯಿರಿ. ಬೇರು ಸಮೇತ ಬರುತ್ತದೆ. ದಪ್ಪ ಆಗಲು ಬಿಟ್ಟರೆ ಗಾರೆಯನ್ನೂ ಎಬ್ಬಿಸಿಬಿಡುತ್ತದೆ.