ಬೇರೆ ತಂಡದ ಅನುಭವಿ ಆಟಗಾರರನ್ನು ಎಷ್ಟು ಜನ ತರಬಹುದು? ಅನುಭವ ಹೇಳಿ

ಕೇಳಿದವರು: ಬೆಂಗಳೂರಿನ ಸಿ ಡಿವಿಷನ್ ಫುಟ್‌ಬಾಲ್ ತಂಡ ನಮ್ಮದು. ಎಲ್ಲರೂ ಒಂದೇ ಏರಿಯಾದ ಹುಡುಗರು. ಮೇಲಿನ ಡಿವಿಷನ್ ಆಡಿದ ಮೂವರನ್ನು ಈ ಸಲ ದುಡ್ಡು ಕೊಟ್ಟು ತರುವ ಯೋಚನೆ ಇದೆ. ಅವರಲ್ಲಿ ಒಬ್ಬ ಗೋಲ್‌ಕೀಪರ್. ಕೈಯಲ್ಲಿರುವುದು 1.5 ಲಕ್ಷ. ಏನಂತೀರಿ?

ಹಳೇ ಮ್ಯಾನೇಜರ್: ಬೇಡ ಸರ್. 2017ರಲ್ಲಿ ನಾನು ನಾಲ್ವರನ್ನು ತಂದೆ. ಸ್ಟ್ರೈಕರ್‌ಗೆ 40,000 ಅಡ್ವಾನ್ಸ್. ಪ್ರತಿ ಮ್ಯಾಚಿಗೆ 1,500, ಪೆಟ್ರೋಲ್ ಬೇರೆ. ಮೂರನೇ ಮ್ಯಾಚಿನಲ್ಲೇ ಮೊಣಕಾಲು ಊದಿಕೊಂಡಿತು. ಸ್ಕ್ಯಾನಿಂಗ್ 7,500. ಫಿಸಿಯೋ ದಿನಕ್ಕೆ 600ರಂತೆ 14 ದಿನ, ಅಂದರೆ 8,400. ಅಡ್ವಾನ್ಸ್ ವಾಪಸ್ ಬರಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು ಮಿಕ್ಕವರಿಗೆ ಕೊಟ್ಟೆ. ಅದೂ ಹೋಗಲಿ. 13 ವರ್ಷದಿಂದ ನಮ್ಮಲ್ಲೇ ಬೆಳೆದ ಲೆಫ್ಟ್ ಬ್ಯಾಕ್ ಇಡೀ ಸೀಸನ್ ಬೆಂಚಿನಲ್ಲಿ ಕೂತ. ಮುಂದಿನ ವರ್ಷ ಬೇರೆ ತಂಡಕ್ಕೆ ಹೋಗಲು ಎನ್‌ಒಸಿ, ಅಂದರೆ ಕ್ಲಬ್ಬಿನ ಒಪ್ಪಿಗೆ ಪತ್ರ ಕೇಳಿದ. ಸಹಿ ಹಾಕುವಾಗ ಅವನ ಮುಖ ನೋಡಲು ಆಗಲಿಲ್ಲ.

ನಂ. 5: ಮೊಣಕಾಲು ಊದಿದ್ದು ಅವನ ತಪ್ಪಾ? ಹಾಗೆ ದುಡ್ಡಿಗೆ ಹೋಗಿ ಆಡಿದವನು ನಾನು. 30,000 ಅಂದಿದ್ದರು, ಕೈಗೆ ಬಂದಿದ್ದು 12,000. ಫ್ಯಾಕ್ಟರಿಯಲ್ಲಿ ರಜೆ ಹಾಕಿ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸಿಗೆ ಹೋಗುತ್ತಿದ್ದೆ. ಗೆದ್ದರೆ ಏರಿಯಾ ಹುಡುಗರು ಗೆದ್ದ ಹಾಗೆ, ಸೋತರೆ ನಾನು ಸೋಲಿಸಿದ ಹಾಗೆ. ಬಾಯಿಮಾತಿಗೆ ಯಾರನ್ನೂ ಕರೆಯಬೇಡಿ. ಬರೆದು ಕೊಡಿ.

ಹಳೇ ಮ್ಯಾನೇಜರ್: ನಾನು ಒಂದು ರೂಪಾಯಿಯನ್ನೂ ಬಾಕಿ ಇಟ್ಟಿಲ್ಲ. ನಿಮ್ಮ ಕ್ಲಬ್ಬಿನ ಸಿಟ್ಟು ನನ್ನ ಮೇಲೆ ಯಾಕೆ?

ಆಸ್ಟಿನ್ ಟೌನ್: ನಾವು ಒಬ್ಬರನ್ನೇ ತಂದೆವು. 34 ವಯಸ್ಸಿನ ಸೆಂಟರ್ ಬ್ಯಾಕ್. ಓಟ ಕಮ್ಮಿ, ಬಾಯಿ ಜಾಸ್ತಿ. ಹಿಂದಿನಿಂದ ಕೂಗಿ ಕೂಗಿ ನಮ್ಮ ಹುಡುಗರಿಗೆ ನಿಲ್ಲುವ ಜಾಗ ಕಲಿಸಿದರು. ಆ ವರ್ಷ ಬಿ ಡಿವಿಷನ್‌ಗೆ ಏರಿದೆವು. ಮೂವರು ಬಂದರೆ ಅವರೇ ಒಂದು ಗುಂಪಾಗುತ್ತಾರೆ.

ವೆಸ್ಟ್ ಬ್ಲಾಕ್: ಭಯಪಟ್ಟರೆ ಕಪ್ ಬರಲ್ಲ. 2022ರಲ್ಲಿ ಬೆಂಗಳೂರು ಎಫ್‌ಸಿ ರಾಯ್ ಕೃಷ್ಣ, ಜಿಂಗನ್, ಹಾವಿ ಹೆರ್ನಾಂಡೆಸ್, ಪ್ರಬೀರ್ ದಾಸ್ ಎಲ್ಲರನ್ನೂ ಒಟ್ಟಿಗೆ ತಂದಿತು. ಅದೇ ಸೀಸನ್ ಡ್ಯುರಾಂಡ್ ಕಪ್ ಬಂತು. ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ ಫೈನಲ್ 2-2 ಆಗಿ ಪೆನಾಲ್ಟಿಯಲ್ಲಿ ಹೋಯಿತು. ಗೋವಾದ ಫತೋರ್ಡಾದಲ್ಲಿ ನಾನಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ.

ಹಳೇ ಮ್ಯಾನೇಜರ್: ಮುಂದಿನ ಸೀಸನ್ ಹೇಳಿ. ರಾಯ್ ಕೃಷ್ಣ ಒಡಿಶಾಗೆ, ಜಿಂಗನ್ ಗೋವಾಗೆ ಹೋದರು. 12 ತಂಡದಲ್ಲಿ ನಾವು 10ನೇ ಸ್ಥಾನ. ಆ ಡ್ಯುರಾಂಡ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದದ್ದು ಎಳೆ ಹುಡುಗ ಶಿವಶಕ್ತಿ, ಅಲ್ವಾ?

ವೆಸ್ಟ್ ಬ್ಲಾಕ್: ಗೆಲುವಿನ ಗೋಲು ಅಲನ್ ಕೋಸ್ಟಾದು! ಅವರು ಬ್ರೆಜಿಲ್‌ನವರು. 2013ರಲ್ಲಿ ಛೆಟ್ರಿ ಬಂದಾಗಲೂ ನಿಮ್ಮಂಥವರು ಬೇಡ ಅಂದಿದ್ದರೆ ಮೊದಲ ವರ್ಷವೇ ಆಗಿನ ದೊಡ್ಡ ಲೀಗ್ ಐ-ಲೀಗ್ ಬರುತ್ತಿತ್ತಾ?

ನಂ. 5: ಅವರಿಗೆ ಕಂಪನಿ ದುಡ್ಡಿದೆ ಗುರು. ಇಲ್ಲಿ ಬಳೆ ಅಡವಿಡುವ ಮಾತು ನಡೀತಿದೆ.

ಹಳೇ ಮ್ಯಾನೇಜರ್: ಬಳೆ ವಿಷಯ ಎತ್ತಬೇಡಿ. ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು.

ನಂ. 5: ತಪ್ಪಾಯಿತು ಸರ್. ಆದರೆ ನನ್ನ 18,000 ಇವತ್ತಿಗೂ ಬಂದಿಲ್ಲ.

ಕೇಳಿದವರು: ಗೋಲ್‌ಕೀಪರ್ ಬಗ್ಗೆ ಯಾರಾದರೂ ಹೇಳ್ತೀರಾ? ನಾಡಿದ್ದು ಅವರಿಗೆ ಉತ್ತರ ಕೊಡಬೇಕು.

ಆಸ್ಟಿನ್ ಟೌನ್: ಅವರನ್ನು ಮಾತ್ರ ತನ್ನಿ. ಎನ್‌ಒಸಿ ಕೈಗೆ ಬಂದ ಮೇಲೆ ದುಡ್ಡು ಕೊಡಿ.