ಸಹಾಯ ಬೇಕು: ಡೇಲಿಲಿಗೆ ತುಕ್ಕು ರೋಗ, ಬುಡ ಒಡೆಯೋದು ಯಾವಾಗ?

ನಮಸ್ಕಾರ. ಜಾಗ ಮೂಡಿಗೆರೆ ಕಡೆ, ಕೆಂಪು ಮಣ್ಣು, ಸಿಲ್ವರ್ ಓಕ್ ಅಂಚಿನಲ್ಲಿ ಮಡಿ. ಸುಮಾರು 20 ಬುಡ ಡೇಲಿಲಿ (ಲಿಲಿಯಂಥ ಹೂವಿನ ಗಿಡ), ನೆಟ್ಟು 4 ವರ್ಷ.

ಎಲೆಯ ಅಡಿಭಾಗವನ್ನು ಬಿಳಿ ಟಿಶ್ಯೂನಿಂದ ಒರೆಸಿದರೆ ಕಿತ್ತಳೆ ಪುಡಿ ಅಂಟುತ್ತದೆ. ಹಾಗಾಗಿ ಇದು ಎಲೆಚುಕ್ಕೆ ಅಲ್ಲ, ತುಕ್ಕೇ. (ಕಾಫಿ ತುಕ್ಕಿನ ಶಿಲೀಂಧ್ರವೇ ಬೇರೆ, ಅದು ಇದಕ್ಕೆ ಹರಡಲ್ಲ. ಆ ಚರ್ಚೆ ಬೇಡ.) ಎಲೆಗಳನ್ನು ನೆಲದಿಂದ 3 ಇಂಚು ಬಿಟ್ಟು ಕತ್ತರಿಸಿ ಸುಟ್ಟಾಗಿದೆ, ಗೊಬ್ಬರದ ಗುಂಡಿಗೆ ಹಾಕಿಲ್ಲ. ಮೇಲಿಂದ ನೀರು ಹಾಕೋದನ್ನೂ ನಿಲ್ಲಿಸಿದೆ. ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ (ಶಿಲೀಂಧ್ರನಾಶಕ) ಹೊಡೆದರೂ ಹೊಸ ಎಲೆಯಲ್ಲಿ ಮತ್ತೆ ಬಂತು. ಅದು ಎಲೆಯ ಮೇಲಷ್ಟೇ ಕೂರುವ ಔಷಧಿ, ನಮ್ಮ ಮಳೆಗೆ ತೊಳೆದು ಹೋಗುತ್ತೆ. ಒಳಗಿಳಿಯುವ ಪ್ರೊಪಿಕೊನಜೋಲ್ ಡೇಲಿಲಿಗೆ ಬಳಸಿದವರು ಇದ್ದೀರಾ? ಎಷ್ಟು ದಿನಕ್ಕೊಮ್ಮೆ ಹೊಡೆದಿರಿ, ಎಳೆ ಎಲೆ ಸುಟ್ಟಿತಾ?

ಇನ್ನೊಂದು, ಬುಡ ಗಿಜಿಗಿಜಿ ಆಗಿ ಹೂದಂಟು ಕಡಿಮೆಯಾಗಿದೆ. ಒಂದೊಂದು ಹೂವಿಗೆ ಒಂದೇ ದಿನ ಆಯಸ್ಸು, ದಂಟೇ ಇಲ್ಲದಿದ್ದರೆ ಮಡಿ ಬರೀ ಹುಲ್ಲಿನ ಹಾಗೆ ಕಾಣುತ್ತೆ. ಬುಡ ಒಡೆದು 2-3 ಮರಿಯ ಗುಂಪು ಮಾಡಿ, ಎಲೆ 6 ಇಂಚಿಗೆ ಕತ್ತರಿಸಿ, ಗಾಯ ನೆರಳಲ್ಲಿ ಒಣಗಿಸಿ, ಬೇರು-ಎಲೆ ಸೇರುವ ಜಾಗ ಮಣ್ಣಿನಡಿ 1 ಇಂಚಿಗಿಂತ ಆಳ ಹೋಗದಂತೆ ನೆಡಬೇಕು ಅನ್ನೋದು ಗೊತ್ತು. ಮಳೆಯಲ್ಲಿ ಮಾಡಿದರೆ ಬುಡ ಕೊಳೆಯುತ್ತೆ. ಅಕ್ಟೋಬರ್ ಕೊನೆಗೆ ಒಡೆಯಲಾ, ಫೆಬ್ರವರಿವರೆಗೆ ಕಾಯಲಾ? ಮಲೆನಾಡಲ್ಲಿ ಬೆಳೆದವರು ಹೇಳಿ. ಬೆಂಗಳೂರಿನ ಕುಂಡದ ಲೆಕ್ಕ ಇಲ್ಲಿಗೆ ಆಗಲ್ಲ.